ಬೆಂಗಳೂರಿನಲ್ಲಿ ಸಾಲ್ಸಾ, ಬಚಾಟಾ: ವರ್ಷವಿಡೀ ಸೋಷಿಯಲ್, ಜೊತೆಗೆ ಒಂದು ಫೆಸ್ಟಿವಲ್. ಕ್ಯಾಲೆಂಡರ್ ಹೇಗೆ ಹಾಕೋದು?

ಕೋರಮಂಗಲ_ಕಾಂಗಾ ಕೇಳಿದ್ದಾರೆ:

ಎಲ್ಲರಿಗೂ ನಮಸ್ಕಾರ. ನಮ್ಮದು ಐದು ಜನರ ತಂಡ, ಬೆಂಗಳೂರಿನಲ್ಲಿ ಸಾಲ್ಸಾ ಮತ್ತು ಬಚಾಟಾ (ಲ್ಯಾಟಿನ್ ಅಮೆರಿಕದ ಜೋಡಿ ನೃತ್ಯಗಳು) ಸೋಷಿಯಲ್, ಅಂದರೆ ಎಲ್ಲರೂ ಸೇರಿ ಜೊತೆಗಾರರನ್ನು ಬದಲಿಸುತ್ತಾ ಕುಣಿಯುವ ಸಂಜೆಗಳನ್ನು, ನಡೆಸುತ್ತೇವೆ. ಖಾಯಂ ಬರುವವರು ನಲವತ್ತರ ಆಸುಪಾಸು, ಕೆಲವೊಮ್ಮೆ ಎಂಬತ್ತರವರೆಗೂ ಹೋಗುತ್ತದೆ. ಈವರೆಗೆ ಹಾಲ್ ಸಿಕ್ಕ ದಿನವೇ ಸೋಷಿಯಲ್ ಅನ್ನುವ ಹಾಗೆ ನಡೆದಿದೆ. ಮುಂದಿನ ವರ್ಷದ ಕ್ಯಾಲೆಂಡರನ್ನು ಡಿಸೆಂಬರ್ ಒಳಗೆ ಪೂರ್ತಿ ಪ್ರಕಟಿಸಬೇಕು ಅಂತ ತೀರ್ಮಾನಿಸಿದ್ದೇವೆ. ತಲೆಯಲ್ಲಿರೋದು ಇಷ್ಟು: ತಿಂಗಳಿಗೊಂದು ಸೋಷಿಯಲ್, ನಡುವೆ ಎರಡು ಮೂರು ವಿಶೇಷ ರಾತ್ರಿಗಳು, ವರ್ಷಕ್ಕೊಂದು ಮೂರು ದಿನದ ಫೆಸ್ಟಿವಲ್, ಮತ್ತೆ ಹತ್ತು ಹನ್ನೆರಡು ಜನ ಒಟ್ಟಾಗಿ ಹೊರದೇಶದ ಒಂದು ಫೆಸ್ಟಿವಲ್‌ಗೆ ಹೋಗಿಬರೋದು.

ಫೆಸ್ಟಿವಲ್‌ಗೆ ಯಾವ ತಿಂಗಳು ಸರಿ? ಹಾಲ್ ನೋಡುವಾಗ ಏನೇನು ಪರೀಕ್ಷಿಸಬೇಕು? ಸಾಲ್ಸಾದವರು ಬಚಾಟಾ ಜಾಸ್ತಿ ಆಯ್ತು ಅಂತಾರೆ, ಬಚಾಟಾದವರು ಸಾಲ್ಸಾ ಜಾಸ್ತಿ ಅಂತಾರೆ, ಹಾಡುಗಳ ಲೆಕ್ಕ ಹೇಗಿಡೋದು? ಅನುಭವ ಇರುವವರು ಅಂಕಿ ಅಂಶದ ಸಮೇತ ಹೇಳಿದರೆ ಉಪಕಾರ.

ಹೀಲ್_ಟರ್ನ್ ಉತ್ತರ:

ಕಾಂಗಾ ಅವರೇ, ಮೊದಲು ಪಂಚಾಂಗ ತೆಗೆದಿಡಿ. ಬೆಂಗಳೂರಿನಲ್ಲಿ ಹಾಲ್ ಬಾಡಿಗೆ ನಿರ್ಧಾರ ಮಾಡೋದು ಮದುವೆ ಮುಹೂರ್ತಗಳು. ಏಪ್ರಿಲ್, ಮೇ ತಿಂಗಳಲ್ಲಿ ಮುಹೂರ್ತ ಇರುವ ಶನಿವಾರ, ಭಾನುವಾರ ಒಳ್ಳೆಯ ಬ್ಯಾಂಕ್ವೆಟ್ ಹಾಲ್ ಕೇಳಲೇಬೇಡಿ. ಸಿಕ್ಕರೂ ದರ ಕೈ ಸುಡುತ್ತದೆ. ಅದೇ ಹಾಲ್ ಆಷಾಢದಲ್ಲಿ ಖಾಲಿ ಬಿದ್ದಿರುತ್ತದೆ. ಧನುರ್ಮಾಸ, ಪಿತೃಪಕ್ಷ, ಅಧಿಕ ಮಾಸ ಬಂದ ವರ್ಷ ಆ ಇಡೀ ತಿಂಗಳು, ಇವೂ ಹಾಗೆಯೇ. ಮ್ಯಾನೇಜರ್ ಜೊತೆ ಕೂತು ಚೌಕಾಸಿ ಮಾಡುವ ಬಲ ನಿಮಗೆ ಬರೋದು ಈ ದಿನಗಳಲ್ಲಿ. ಮೂರು ದಿನ, ಮೂರು ರಾತ್ರಿ ಹಾಲ್ ಬೇಕಾದ ಫೆಸ್ಟಿವಲ್‌ಗೆ ನನ್ನ ಆಯ್ಕೆ ಆಷಾಢವೇ. ಮಳೆ ಇರುತ್ತದೆ ನಿಜ, ಆದರೆ ಎಲ್ಲವೂ ಒಳಗೇ ನಡೆಯುವುದರಿಂದ ತೊಂದರೆಯಿಲ್ಲ, ಹವೆಯೂ ತಂಪು. ಒಂದೇ ಅಡಚಣೆ ಅಂದರೆ ಜೂನ್‌ನಿಂದ ಆಗಸ್ಟ್‌ವರೆಗೆ ಯುರೋಪಿನ ಬೇಸಿಗೆ ಫೆಸ್ಟಿವಲ್‌ಗಳ ಕಾಲ, ಅಲ್ಲಿನ ಹೆಸರಾಂತ ಜೋಡಿಗಳು ಸಿಗೋದು ಕಷ್ಟ. ಮೊದಲ ವರ್ಷ ಭಾರತದ ಕಲಾವಿದರೇ ಮುಖ್ಯವಾಗಿರಲಿ, ಹೊರಗಿನವರು ಒಂದು ಜೋಡಿ ಸಾಕು. ಹಾಗೆ ನೋಡಿದರೆ ಈ ಅಡಚಣೆ ದೊಡ್ಡದೇನಲ್ಲ.

ತಿಂಗಳ ಸೋಷಿಯಲ್‌ಗೆ ಒಂದು ನಿಶ್ಚಿತ ದಿನ ಇಟ್ಟುಕೊಳ್ಳಿ, ಅದನ್ನು ಯಾವ ಕಾರಣಕ್ಕೂ ಸರಿಸಬೇಡಿ. "ಪ್ರತಿ ತಿಂಗಳ ಎರಡನೇ ಶನಿವಾರ" ಅಂತ ಒಮ್ಮೆ ಜನರ ತಲೆಯಲ್ಲಿ ಕೂತರೆ ಪೋಸ್ಟರ್ ಇಲ್ಲದೆಯೂ ಬರುತ್ತಾರೆ. ದಿನ ಬದಲಾಗುತ್ತಲೇ ಇದ್ದರೆ ವಾಟ್ಸಾಪ್‌ನಲ್ಲಿ ಎಷ್ಟು ಕೂಗಿದರೂ ಅರ್ಧ ಜನ ಬೇರೆ ಕಡೆ ಮಾತು ಕೊಟ್ಟಿರುತ್ತಾರೆ. ಹನ್ನೆರಡು ಬೇಡ, ಹತ್ತು ಮಾಡಿ. ಫೆಸ್ಟಿವಲ್ ಇರುವ ತಿಂಗಳು ಪ್ರತ್ಯೇಕ ಸೋಷಿಯಲ್ ಬೇಡ. ದಸರಾ, ದೀಪಾವಳಿಗೆ ಊರಿಗೆ ಹೋಗುವವರೇ ಹೆಚ್ಚು, ಆ ಎರಡರಲ್ಲಿ ಒಂದನ್ನು ಕೈಬಿಡಿ.

ಮೂರು ದಿನ ಸಾಲು ರಜೆ ಬಂದಾಗ ಸ್ಥಳೀಯ ಸೋಷಿಯಲ್ ಇಟ್ಟುಕೊಳ್ಳಬೇಡಿ, ಜನ ಚಿಕ್ಕಮಗಳೂರು, ಗೋಕರ್ಣ ಅಂತ ಹೊರಟುಬಿಡುತ್ತಾರೆ. ಫೆಸ್ಟಿವಲ್‌ಗೆ ಮಾತ್ರ ಅದೇ ಸಾಲು ರಜೆ ವರ, ಯಾಕೆಂದರೆ ಚೆನ್ನೈ, ಹೈದರಾಬಾದ್, ಪುಣೆ, ಕೊಚ್ಚಿಯವರಿಗೆ ಬರಲು ಪುರುಸೊತ್ತು ಸಿಗೋದು ಆಗಲೇ. ಜನವರಿ 26, ಆಗಸ್ಟ್ 15, ಅಕ್ಟೋಬರ್ 2 ಮದ್ಯ ಮಾರಾಟ ಇಲ್ಲದ ದಿನಗಳು. ಬಾರ್ ಆದಾಯ ನಂಬಿಕೊಂಡು ಹಾಲ್ ಉಚಿತವಾಗಿ ಕೊಡುವ ಪಬ್‌ಗಳು ಆ ದಿನ ಬಾಡಿಗೆ ಕೇಳುತ್ತವೆ. ಐಪಿಎಲ್ ಸಮಯದಲ್ಲಿ ಚಿನ್ನಸ್ವಾಮಿಯಲ್ಲಿ ಪಂದ್ಯವಿದ್ದ ಸಂಜೆ ಎಂ.ಜಿ. ರಸ್ತೆ ಸುತ್ತಮುತ್ತ ಬೇಡವೇ ಬೇಡ.

ಹೊತ್ತಿನ ಬಗ್ಗೆಯೂ ಒಂದು ಮಾತು. ಮೆಟ್ರೊದ ಕೊನೆಯ ರೈಲು ರಾತ್ರಿ ಹನ್ನೊಂದರ ಸುಮಾರಿಗೆ. ಎಂಟಕ್ಕೆ ಕ್ಲಾಸ್ ಶುರು ಮಾಡಿ ಒಂಬತ್ತೂವರೆಗೆ ಸೋಷಿಯಲ್ ಅಂದರೆ ಒಬ್ಬರೇ ಬರುವ ಹೆಣ್ಣುಮಕ್ಕಳು ಒಂದು ಗಂಟೆ ಕುಣಿದು ಹೊರಡಬೇಕಾಗುತ್ತದೆ. ಆರಕ್ಕೆ ಕ್ಲಾಸ್, ಏಳರಿಂದ ಹನ್ನೊಂದು ಸೋಷಿಯಲ್ ಇಡಿ. ಎರಡು ತಿಂಗಳಿಗೊಮ್ಮೆ ಭಾನುವಾರ ನಾಲ್ಕರಿಂದ ಒಂಬತ್ತು ಇಟ್ಟರೆ ಹೊಸಬರು ಚೆನ್ನಾಗಿ ಬರುತ್ತಾರೆ.

ಈಗ ನೆಲ. ನನ್ನ ಮಟ್ಟಿಗೆ ಇಡೀ ಯೋಜನೆಯಲ್ಲಿ ಅತಿ ಮುಖ್ಯವಾದದ್ದು ಇದೇ. ಕೆಳಗೆ ಗಾಳಿ ಜಾಗ ಬಿಟ್ಟು ಹಾಕಿದ ಮರದ ನೆಲ ಸಿಕ್ಕರೆ ಕಣ್ಣು ಮುಚ್ಚಿ ಒಪ್ಪಿಕೊಳ್ಳಿ, ನಾಲ್ಕು ಗಂಟೆ ಕುಣಿದರೂ ಮಂಡಿ ನೋಯುವುದಿಲ್ಲ. ಗ್ರಾನೈಟ್, ವಿಟ್ರಿಫೈಡ್ ಟೈಲ್ಸ್ ನೋಡಲು ಚೆಂದ, ಆದರೆ ಮೀನಖಂಡ, ಸೊಂಟ ಎರಡಕ್ಕೂ ಪೆಟ್ಟು, ಮೇಲೆ ಒಂದು ಹನಿ ನೀರು ಬಿದ್ದರೆ ಜಾರುತ್ತದೆ. ಜಿಮ್ ಮತ್ತು ಬ್ಯಾಲೆ ಕೋಣೆಗಳ ವಿನೈಲ್ ಹಾಳೆ ಇದಕ್ಕೆ ತದ್ವಿರುದ್ಧ: ರಬ್ಬರ್ ಅಟ್ಟೆ ಅದಕ್ಕೆ ಅಂಟಿಕೊಳ್ಳುತ್ತದೆ, ತಿರುಗುವಾಗ ಮೈ ಹೋಗುತ್ತದೆ ಪಾದ ಹೋಗುವುದಿಲ್ಲ, ಮಂಡಿ ತಿರುಚಿಕೊಳ್ಳುವುದು ಅಲ್ಲೇ. ಹೋಟೆಲ್ ಹಾಲ್‌ನಲ್ಲಿ ಕಾರ್ಪೆಟ್ ಇದ್ದರೆ ಜೋಡಿಸುವ ಮರದ ಹಲಗೆಗಳನ್ನು ಬಾಡಿಗೆಗೆ ತರಬೇಕು. ಜೋಡಣೆ ಆದ ಮೇಲೆ ಬರಿಗಾಲಲ್ಲಿ ಒಂದು ಸುತ್ತು ನಡೆದು ನೋಡಿ. ಎರಡು ಹಲಗೆ ಕೂಡುವ ಕಡೆ ಎತ್ತರ ವ್ಯತ್ಯಾಸ ಹೆಬ್ಬೆರಳಿಗೆ ತಾಗಿದರೆ ಹೀಲ್ಸ್ ಖಂಡಿತ ಸಿಕ್ಕಿಕೊಳ್ಳುತ್ತದೆ, ಅದನ್ನು ಸರಿಮಾಡಿಸದೆ ಹಣ ಕೊಡಬೇಡಿ. ನೆಲ ಅಂಟುತ್ತದೆ ಅಂತ ಯಾರಾದರೂ ಟಾಲ್ಕಂ ಪೌಡರ್ ಉದುರಿಸಿದರೆ ತಕ್ಷಣ ತಡೆಯಿರಿ. ಅವರಿಗೊಬ್ಬರಿಗೆ ಅನುಕೂಲ, ಪಕ್ಕದ ಜೋಡಿ ಜಾರಿ ಬೀಳುತ್ತದೆ.

ಜಾಗದ ಲೆಕ್ಕ ಹೀಗೆ. ಸಾಲ್ಸಾಗೆ ಜೋಡಿಗೆ ಸುಮಾರು 30 ಚದರ ಅಡಿ, ಬಚಾಟಾಗೆ 20. ಹಾಲ್ 40 ಅಡಿ ಉದ್ದ, 45 ಅಡಿ ಅಗಲ ಅಂದುಕೊಳ್ಳಿ, 1,800 ಚದರ ಅಡಿ. ಕುರ್ಚಿ, ಡಿಜೆ ಮೇಜು, ಬ್ಯಾಗು ಬೂಟುಗಳ ಮೂಲೆ, ನೀರಿನ ಕ್ಯಾನು ಅಂತ ಕಾಲುಭಾಗ ಹೋದರೆ ಉಳಿಯೋದು 1,350. ಸಾಲ್ಸಾ ಹಾಡಿಗೆ 45 ಜೋಡಿ, ಅಂದರೆ 90 ಜನ. ಒಮ್ಮೆಗೆ ಬಂದವರಲ್ಲಿ ಮೂರನೇ ಎರಡು ಭಾಗ ನೆಲದ ಮೇಲಿರುತ್ತಾರೆ, ಹಾಗಾಗಿ ಆ ಹಾಲ್‌ಗೆ 135 ಟಿಕೆಟ್ ಮೇಲೆ ಮಾರಬೇಡಿ. ಮೊಣಕೈ ತಾಗಿ ಹಲ್ಲು ಮುರಿಯೋದು, ಹೀಲ್ಸ್ ಪಾದದ ಮೇಲೆ ಇಳಿಯೋದು ಈ ಮಿತಿ ದಾಟಿದ ಮೇಲೆಯೇ.

ಕುಡಿಯುವ ನೀರು ತಲೆಗೆ ಒಂದೂವರೆ ಲೀಟರ್. ನೂರು ಜನಕ್ಕೆ 20 ಲೀಟರಿನ ಎಂಟು ಕ್ಯಾನ್ ತರಿಸಿ. ಕ್ಯಾನ್‌ಗಳನ್ನು ಕುಣಿಯುವ ನೆಲದಿಂದ ಕನಿಷ್ಠ ಹತ್ತು ಅಡಿ ದೂರ, ಕೆಳಗೆ ಗೋಣಿಚೀಲವೋ ದಪ್ಪ ಮ್ಯಾಟೋ ಹಾಸಿ ಇಡಿ. ಸ್ಯೂಡ್ (ಮೆದು ಚರ್ಮದ) ಅಟ್ಟೆಯ ಬೂಟು ಒಮ್ಮೆ ಒದ್ದೆಯಾದರೆ ಆ ರಾತ್ರಿಗೆ ಅದರ ಕಥೆ ಮುಗಿಯಿತು. ಮಳೆಗಾಲದಲ್ಲಿ ಬಾಗಿಲಲ್ಲಿ ಎರಡು ಮ್ಯಾಟ್, ಬೂಟು ಬದಲಾಯಿಸಲು ಬೆಂಚು, ಒರೆಸಲು ಒಬ್ಬರು, ಇಷ್ಟು ಇರಲೇಬೇಕು.

ಹುಬ್ಬಳ್ಳಿ_ಸೌಂಡ್ ಉತ್ತರ:

ನೆಲದ ಬಗ್ಗೆ ಹೀಲ್_ಟರ್ನ್ ಅವರು ಹೇಳಿದ್ದು ಖರೇ ಅದ. ನಾ ಸೌಂಡಿನ ಬಗ್ಗೆ ಎರಡು ಮಾತು ಹೇಳ್ತೀನಿ. ಹಾಲ್ ನೋಡಾಕ ಹೋದಾಗ ನಡುವ ನಿಂತು ಜೋರಾಗಿ ಒಂದು ಚಪ್ಪಾಳಿ ಹೊಡೀರಿ. ದನಿ ತಿರುಗಿ ತಿರುಗಿ ಬಂತಂದ್ರ ಆ ಹಾಲ್‌ನ್ಯಾಗ ಸಾಲ್ಸಾ ಕಲಸಿಹೋಗತೈತಿ. ಗಾಜು, ಗ್ರಾನೈಟ್, ಎತ್ತರದ ಚಾವಣಿ ಮೂರೂ ಕೂಡಿದ್ರ ಹಂಗ ಆಗೂದ. ಸಾಲ್ಸಾದಾಗ ಕಾಂಗಾ, ಬೊಂಗೊ, ಟಿಂಬಾಲೆ, ಗೂಯಿರೊ, ಗಂಟಿ, ಪಿಯಾನೊ ಎಲ್ಲಾ ಒಮ್ಮೆಲೆ ನಡೀತಿರ್ತಾವ. ಪ್ರತಿಧ್ವನಿ ಕೂಡಿದ್ರ ಹೊಸಬರಿಗೆ ಒಂದನೇ ಎಣಿಕಿ ಎಲ್ಲೈತಿ ಅನ್ನೂದ ತಿಳಿಯಂಗಿಲ್ಲ. ಗ್ವಾಡಿಗುಂಟ ದಪ್ಪನ ಪರದೆ ಬಿಡಸ್ರಿ, ಭಾಳ ಫರಕ ಬೀಳತೈತಿ.

ಸಬ್‌ವೂಫರ್ ಜಾಸ್ತಿ ಕೊಡಬ್ಯಾಡ್ರಿ. ಮದುವಿ ಡಿಜೆ ಸೆಟ್ಟಿಂಗ್‌ನ್ಯಾಗ ಕಾಂಗಾದ ತುಂಬಾವ್ (ಮರಳಿ ಮರಳಿ ಬರೂ ಬಡಿತ) ಮುಳುಗಿಹೋಗತೈತಿ, ಕಾಲು ಇಡೂದು ಅದನ್ನ ಕೇಳಿನ. ಇನ್ನೊಂದು, ಹಳೇ ರೆಕಾರ್ಡಿಂಗ್‌ನ್ಯಾಗ ಪಿಯಾನೊ ಒಂದು ಕಡೆ, ಕಹಳಿ ಇನ್ನೊಂದು ಕಡೆ ಇರ್ತಾವ. ಹಾಲಿನ ಎಡಕ್ಕ ಕುಣಿಯೋರಿಗೆ ಎಡಗಡೆ ಸ್ಪೀಕರ್ ಅಷ್ಟ ಕೇಳಸ್ತೈತಿ. ಮಿಕ್ಸರ್‌ನ್ಯಾಗ ಎರಡೂ ಕೂಡಿಸಿ ಮೋನೊ ಮಾಡ್ರಿ. ಸ್ಪೀಕರ್ ನಾಲ್ಕು ಮೂಲಿಗೆ ನಾಲ್ಕು ಸಣ್ಣವು ಇಡ್ರಿ, ಮುಂದ ಎರಡು ದೊಡ್ಡವು ಇಟ್ಟು ಹಿಂದಿನವರಿಗೆ ಕೇಳಲಿ ಅಂತ ಏರಿಸಿದ್ರ ಮುಂದಿನವರ ಕಿವಿ ಹೋಗ್ತಾವ. ಕಲಸೋರಿಗೆ ತಲಿಗೆ ಹಾಕೂ ಮೈಕ್ ಬೇಕ ಬೇಕು, ಕೈಯಾಗ ಮೈಕ್ ಹಿಡದು ಜೋಡಿ ಕುಣದು ತೋರಸಾಕ ಆಗಂಗಿಲ್ಲ. ಬ್ಯಾಟರಿ ಇನ್ನೊಂದು ಜೊತಿ ಇಟ್ಟಿರ್ರಿ.

ಕ್ಲಾವೆ_2_3 ಉತ್ತರ:

ಹಾಡಿನ ಜಗಳ ಎಲ್ಲ ಊರಲ್ಲೂ ಇದೆ. ಅದಕ್ಕೆ ಮದ್ದು ಒಂದೇ: ಪ್ರಮಾಣವನ್ನು ಪೋಸ್ಟರ್ ಮೇಲೆಯೇ ಬರೆಯಿರಿ, ಬರೆದ ಮೇಲೆ ಪಾಲಿಸಿ. "ಸಾಲ್ಸಾ 60, ಬಚಾಟಾ 40" ಅಂತ ಓದಿ ಬಂದವರು ಗೊಣಗುವುದಿಲ್ಲ. ಒಂದು ತಿಂಗಳು ಹೀಗೆ, ಮುಂದಿನ ತಿಂಗಳು ಉಲ್ಟಾ ಮಾಡಬಹುದು. ಮೂರು ಸಾಲ್ಸಾ, ಎರಡು ಬಚಾಟಾ ಅಂತ ಗುಂಪು ಮಾಡಿ ನುಡಿಸಿ. ಒಂದೊಂದೇ ಬದಲಿಸಿದರೆ ಯಾರಿಗೂ ಲಯ ಹಿಡಿಯುವುದಿಲ್ಲ, ಐದೈದು ಹಾಕಿದರೆ ಇನ್ನೊಂದು ಪಂಗಡದವರು ಇಪ್ಪತ್ತು ನಿಮಿಷ ಫೋನ್ ನೋಡುತ್ತಾ ಕೂತು ಕೊನೆಗೆ ಮನೆಗೆ ಹೊರಡುತ್ತಾರೆ. ಗಂಟೆಗೊಂದು ಚಾ ಚಾ ಚಾ, ಒಂದು ಮೆರೆಂಗೆ (ಇವೂ ಲ್ಯಾಟಿನ್ ಜೋಡಿ ನೃತ್ಯಗಳೇ) ಸಾಕು. ಮೆರೆಂಗೆ ಹಾಕಿದಾಗ ಆ ದಿನವೇ ಮೊದಲ ಸಲ ಬಂದವರೂ ಎದ್ದು ಬರುತ್ತಾರೆ.

ವೇಗವನ್ನು ರಾತ್ರಿಗೆ ತಕ್ಕಂತೆ ಏರಿಸಿ ಇಳಿಸಬೇಕು. ಸಾಲ್ಸಾ ನಿಮಿಷಕ್ಕೆ 180 ಬೀಟ್ ಇದ್ದಾಗ ಎಂಟು ಎಣಿಕೆ ಮುಗಿಯಲು ಸುಮಾರು 2.7 ಸೆಕೆಂಡ್ ಬೇಕು, 220ಕ್ಕೆ ಹೋದರೆ 2.2 ಸೆಕೆಂಡ್ ಮಾತ್ರ. ಆ ಅರ್ಧ ಸೆಕೆಂಡಿನಲ್ಲೇ ಹೊಸಬರ ಬಲತಿರುವು ಕೆಡುತ್ತದೆ. ಕ್ಲಾಸ್ ಮುಗಿದ ಮೊದಲ ಅರ್ಧ ಗಂಟೆ 165ರಿಂದ 175, ನಡುವಿನ ಎರಡು ಗಂಟೆ 180ರಿಂದ 200, ಅದಕ್ಕಿಂತ ವೇಗದ್ದು ಗಂಟೆಗೆ ಒಂದೇ. ಕೊನೆಯ ಅರ್ಧ ಗಂಟೆ ಮತ್ತೆ ಇಳಿಸಿ, ಕಾಲುಗಳು ದಣಿದಿರುತ್ತವೆ. ಬಚಾಟಾ 120ರಿಂದ 135ರ ನಡುವೆ ಇದ್ದರೆ ಎಲ್ಲರಿಗೂ ಸರಿಹೋಗುತ್ತದೆ. ಡೊಮಿನಿಕನ್ ಶೈಲಿಯ ವೇಗದ ಬಚಾಟಾ ಪಾದದ ಆಟಕ್ಕೆ, ಸೆನ್ಸುಯಲ್ ಶೈಲಿ (ಮೈಯನ್ನು ಅಲೆಯಂತೆ ಬಳುಕಿಸುವ ಬಚಾಟಾ) ಕಲಿತವರಿಗೆ ನಿಧಾನದ್ದು. ಎರಡೂ ಇರಲಿ.

ಏಳು ನಿಮಿಷದ ಸಾಲ್ಸಾ ಹಾಡನ್ನು ಪೂರ್ತಿ ನುಡಿಸುವ ಡಿಜೆಗಳಿದ್ದಾರೆ. ಹಾಡಿನ ಮೇಲಿನ ಪ್ರೀತಿ ಅರ್ಥವಾಗುತ್ತದೆ, ಆದರೆ ಪರಿಚಯವಿಲ್ಲದವರ ಜೊತೆ ಏಳು ನಿಮಿಷ ಕುಣಿಯುವುದು ದೀರ್ಘವಾಯಿತು. ಐದು ನಿಮಿಷ ದಾಟುವ ಮುನ್ನ, ಒಂದು ಪಲ್ಲವಿ ಮುಗಿದ ಜಾಗದಲ್ಲಿ ಮೆಲ್ಲಗೆ ಇಳಿಸಿ. ನಡುವೆ ಕತ್ತರಿಸಿದರೆ ಕೊನೆಯ ಭಂಗಿಗೆ ಕಾದಿದ್ದವರಿಗೆ ನಿರಾಸೆ. ಯೂಟ್ಯೂಬ್‌ನಿಂದ ಇಳಿಸಿದ ಫೈಲ್ ಬೇಡ, ದೊಡ್ಡ ಸ್ಪೀಕರಿನಲ್ಲಿ ಬಚಾಟಾದ ಗುಯಿರಾ (ಲೋಹದ ತಾಳವಾದ್ಯ) ಬರೀ ಸರಸರ ಸದ್ದಾಗುತ್ತದೆ. 1970ರ ದಶಕದ ರೆಕಾರ್ಡಿಂಗ್‌ಗಳು ಇಂದಿನವುಗಳಿಗಿಂತ ಮೆಲು, ಪ್ರತಿ ಹಾಡಿಗೂ ಗೇನ್ (ಸದ್ದಿನ ಮಟ್ಟ) ಮೊದಲೇ ಸರಿಮಾಡಿಟ್ಟುಕೊಳ್ಳಿ.

ವಿಶೇಷ ರಾತ್ರಿಗಳಿಗೆ ದಿನಾಂಕ ಹುಡುಕುತ್ತಿದ್ದರೆ ಹೇಳ್ತೀನಿ. ಏಪ್ರಿಲ್ 29 ಅಂತರರಾಷ್ಟ್ರೀಯ ನೃತ್ಯ ದಿನ. ಅದರ ಹತ್ತಿರದ ಭಾನುವಾರ ರುವೇದಾ ದೆ ಕಸೀನೊ ಇಟ್ಟುಕೊಳ್ಳಿ. ಅದು 1950ರ ದಶಕದ ಕೊನೆಯಲ್ಲಿ ಹವಾನಾದ ಕ್ಲಬ್‌ಗಳಲ್ಲಿ ಬೆಳೆದದ್ದು. ವೃತ್ತವಾಗಿ ನಿಂತು, ಒಬ್ಬರು ಕೂಗಿ ಹೇಳಿದ ಹೆಜ್ಜೆಯನ್ನು ಎಲ್ಲರೂ ಒಟ್ಟಿಗೆ ಹಾಕಿ ಜೊತೆಗಾರರನ್ನು ಬದಲಿಸುತ್ತಾ ಹೋಗುತ್ತಾರೆ. ಪರಸ್ಪರ ಗುರುತಿಲ್ಲದ ಗುಂಪು ಅರ್ಧ ಗಂಟೆಯಲ್ಲಿ ಒಂದಾಗಿರುತ್ತದೆ. ಎಂಟರಿಂದ ಹತ್ತು ಜೋಡಿಗೊಂದು ವೃತ್ತ, ಅದಕ್ಕಿಂತ ದೊಡ್ಡದಾದರೆ ಕೂಗು ಕೇಳಿಸದೆ ಒಂದು ಮಗ್ಗುಲು ಹಿಂದೆ ಬೀಳುತ್ತದೆ. ಅಕ್ಟೋಬರ್ 21 ಸಾಲ್ಸಾ ಗಾಯಕಿ ಸೆಲಿಯಾ ಕ್ರೂಸ್ ಹುಟ್ಟಿದ ದಿನ, 1925ರಲ್ಲಿ, ಹವಾನಾದಲ್ಲಿ. ಆ ವಾರ ಪೂರ್ತಿ ಕ್ಯೂಬಾ ಮತ್ತು ನ್ಯೂಯಾರ್ಕಿನ ಹಳೆಯ ಸಾಲ್ಸಾ. ಬಚಾಟಾದವರ ಪಾಲಿಗೆ ಡಿಸೆಂಬರ್ ಇಡಿ. ಡೊಮಿನಿಕನ್ ಗಣರಾಜ್ಯದ ಬಚಾಟಾ ಸಂಗೀತ, ನೃತ್ಯ ಯುನೆಸ್ಕೊ ಪಟ್ಟಿ ಸೇರಿದ್ದು 2019ರ ಡಿಸೆಂಬರಿನಲ್ಲಿ. ಆ ರಾತ್ರಿ ಗಿಟಾರ್ ಇರುವ ಮೂಲ ಬಚಾಟಾ ಮಾತ್ರ ನುಡಿಸಿ, ಇಂಗ್ಲಿಷ್ ಪಾಪ್ ಹಾಡುಗಳ ರೀಮಿಕ್ಸ್ ಒಂದೂ ಬೇಡ. ಬಚಾಟಾ ಅಂದರೆ ಏನು ಅಂತ ಹಲವರು ಮೊದಲ ಸಲ ಕೇಳುತ್ತಾರೆ.

ಕೋರಮಂಗಲ_ಕಾಂಗಾ:

ಇಷ್ಟು ವಿವರಕ್ಕೆ ತುಂಬಾ ಧನ್ಯವಾದ. ಆಷಾಢದ ಸಲಹೆ ನಮ್ಮಲ್ಲಿ ಯಾರಿಗೂ ಹೊಳೆದಿರಲಿಲ್ಲ, ಇವತ್ತೇ ಎರಡು ಹಾಲ್‌ಗೆ ಫೋನ್ ಮಾಡ್ತೀವಿ. ಇನ್ನೂ ಮೂರು ಕೇಳೋದಿದೆ. ಫೆಸ್ಟಿವಲ್ ಬಜೆಟ್ ಎಲ್ಲಿ ಎಡವುತ್ತದೆ? ಅನುಮತಿಗಳು ಯಾವುವು? ಮತ್ತೆ ಲೀಡರ್ (ಜೋಡಿಯಲ್ಲಿ ಹೆಜ್ಜೆ ನಡೆಸುವವರು), ಫಾಲೋವರ್ (ಅದನ್ನು ಅನುಸರಿಸುವವರು) ಸಂಖ್ಯೆ ಸರಿದೂಗಿಸೋದು ಹೇಗೆ?

ಲೆಕ್ಕದ_ಹೆಜ್ಜೆ ಉತ್ತರ:

ಬಜೆಟ್ ಎಡವುವುದು ಟಿಕೆಟ್ ಸಂಖ್ಯೆಯಲ್ಲಿ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಸರಾಸರಿ ಟಿಕೆಟ್ ಬೆಲೆಯಲ್ಲೂ ಅಷ್ಟೇ ಎಡವುತ್ತದೆ. ಪೂರ್ತಿ ಪಾಸ್ 6,500 ರೂಪಾಯಿ ಅಂತ ಇಟ್ಟಿರಿ, 200 ಪಾಸ್ ಹೋಯಿತು ಅನ್ನಿ, 13 ಲಕ್ಷ ಬಂತು ಅಂತ ಹಾಳೆಯಲ್ಲಿ ಬರೆದುಕೊಳ್ಳಬೇಡಿ. ಮುಂಗಡ ರಿಯಾಯಿತಿ, ಗುಂಪಿನ ರಿಯಾಯಿತಿ, ಸ್ವಯಂಸೇವಕರ ಪಾಸ್, ಕಲಾವಿದರ ಜೊತೆ ಬಂದವರು, ಒಂದೇ ದಿನದ ಪಾಸ್ ಎಲ್ಲ ಸೇರಿಸಿ ಭಾಗಿಸಿದರೆ ಸರಾಸರಿ 4,500ಕ್ಕೆ ಇಳಿದಿರುತ್ತದೆ. ಅಂದರೆ 9 ಲಕ್ಷ. ನೀವು ಜಿಎಸ್‌ಟಿ ನೋಂದಣಿ ಇರುವವರಾದರೆ ಅದರಲ್ಲೂ 18% ತೆರಿಗೆ ಒಳಗೊಂಡಿದೆ, ಕೈಗೆ ಸಿಗುವುದು ಸುಮಾರು 7 ಲಕ್ಷ 62 ಸಾವಿರ. ಖರ್ಚು ಈ ಅಂಕಿಯೊಳಗೆ ಕೂರಬೇಕು. ಸೇವೆಗಳ ವಹಿವಾಟು ವರ್ಷಕ್ಕೆ 20 ಲಕ್ಷ ದಾಟದಿದ್ದರೆ ಸಾಮಾನ್ಯವಾಗಿ ನೋಂದಣಿ ಬೇಕಿಲ್ಲ, ಆದರೆ ಹೊರದೇಶದ ಕಲಾವಿದರಿಗೆ ಹಣ ಕೊಡುತ್ತೀರಿ ಅಂದಾಗ ತೆರಿಗೆ ಕಟ್ಟುವ ಹೊಣೆ ನಿಮ್ಮ ಮೇಲೆ ತಿರುಗಿ ಬೀಳಬಹುದು. ಒಪ್ಪಂದಕ್ಕೆ ಸಹಿ ಹಾಕುವ ಮುಂಚೆ ಸಿಎ ಹತ್ತಿರ ಹೋಗಿ.

ಕಲಾವಿದರ ಆದಾಯ ತೆರಿಗೆ ಇನ್ನೊಂದು ಗುಂಡಿ. ಭಾರತದ ಪ್ರಜೆಯಲ್ಲದ ಅನಿವಾಸಿ ಕಲಾವಿದರ ಪ್ರದರ್ಶನದ ಸಂಭಾವನೆಯಿಂದ 20% ಮತ್ತು ಅದರ ಮೇಲೆ 4% ಸೆಸ್ ಕಡಿತ ಮಾಡಬೇಕು, ಒಟ್ಟು 20.8%. ಅವರು "ನನ್ನ ಕೈಗೆ ಪೂರ್ತಿ ಒಂದು ಲಕ್ಷ ಬರಬೇಕು" ಅಂತ ಹೇಳಿ ನೀವು ಒಪ್ಪಿದರೆ, ನಿಮ್ಮ ಖರ್ಚು 1,26,263 ರೂಪಾಯಿ. ಇದನ್ನು ಫೋನಿನಲ್ಲಿ ಮಾತಾಡುವಾಗಲೇ ಸ್ಪಷ್ಟ ಮಾಡಿಕೊಳ್ಳಿ. ಹಣ ಪಡೆದು ಕಲಿಸಲು ಟೂರಿಸ್ಟ್ ವೀಸಾ ನಡೆಯುವುದಿಲ್ಲ. ಒಪ್ಪಂದದಲ್ಲಿ ಎಷ್ಟು ವರ್ಕ್‌ಶಾಪ್, ಎಷ್ಟು ಪ್ರದರ್ಶನ ಅನ್ನುವುದರ ಜೊತೆಗೆ ಪ್ರತಿ ರಾತ್ರಿ ಎಷ್ಟು ಗಂಟೆ ಸೋಷಿಯಲ್ ನೆಲದ ಮೇಲಿರಬೇಕು ಅಂತಲೂ ಬರೆಯಿರಿ. ಜನ ದುಡ್ಡು ಕೊಡೋದು ಅವರ ಜೊತೆ ಒಂದು ಹಾಡು ಕುಣಿಯಲಿಕ್ಕೂ ಹೌದು.

ಅನುಮತಿಗಳು: ರೆಕಾರ್ಡ್ ಮಾಡಿದ ಹಾಡುಗಳನ್ನು ಸಾರ್ವಜನಿಕವಾಗಿ ನುಡಿಸಲು ಪಿಪಿಎಲ್ ಮತ್ತು ಐಪಿಆರ್‌ಎಸ್ ಎರಡರ ಲೈಸೆನ್ಸ್ ಕೇಳಿ. ಮೊದಲನೆಯದು ಧ್ವನಿಮುದ್ರಣಕ್ಕೆ, ಎರಡನೆಯದು ಸಾಹಿತ್ಯ ಮತ್ತು ರಾಗ ಸಂಯೋಜನೆಗೆ. ಹೋಟೆಲ್‌ಗೆ ವಾರ್ಷಿಕ ಲೈಸೆನ್ಸ್ ಇದ್ದರೂ ಅದು ಅವರ ರೆಸ್ಟೋರೆಂಟ್ ಹಿನ್ನೆಲೆ ಸಂಗೀತಕ್ಕಷ್ಟೇ ಇರಬಹುದು, ಟಿಕೆಟ್ ಇಟ್ಟ ಕಾರ್ಯಕ್ರಮಕ್ಕೆ ಬೇರೆ. ಲೈಸೆನ್ಸ್ ಇಲ್ಲದ ಹಾಲ್‌ನಲ್ಲಿ ಮದ್ಯ ಕೊಡುವುದಿದ್ದರೆ ಅಬಕಾರಿ ಇಲಾಖೆಯ ಸಿಎಲ್-5 ಲೈಸೆನ್ಸ್ ಬೇಕು. ಸ್ಥಳೀಯ ಪೊಲೀಸ್ ಅನುಮತಿಗೆ ಹಾಲ್‌ನವರ ಪತ್ರ, ಜನಸಂಖ್ಯೆ, ಹೊರಬಾಗಿಲುಗಳ ನಕ್ಷೆ ಸಮೇತ ಮುಂಚಿತವಾಗಿ ಅರ್ಜಿ ಕೊಡಿ. ಶಬ್ದ ಮಾಲಿನ್ಯದ 2000ದ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ತೆರೆದ ಜಾಗದಲ್ಲಿ ಧ್ವನಿವರ್ಧಕ ಬಳಸುವಂತಿಲ್ಲ. ಮುಚ್ಚಿದ ಸಭಾಂಗಣಕ್ಕೆ ವಿನಾಯಿತಿ ಇದೆ, ಆದರೆ ಸದ್ದು ಆವರಣದ ಗಡಿ ದಾಟಿ ಹೋಗಬಾರದು. ಟೆರೇಸ್ ಮೇಲಿನ ಸೋಷಿಯಲ್ ಇದ್ದರೆ ಒಂಬತ್ತೂಮುಕ್ಕಾಲಿಗೆ ಕೊನೆಯ ಹಾಡು ಅಂತಲೇ ಪ್ರಕಟಿಸಿ.

ಲೀಡರ್, ಫಾಲೋವರ್ ಲೆಕ್ಕಕ್ಕೆ ನೋಂದಣಿ ಫಾರ್ಮಿನಲ್ಲಿ ಪಾತ್ರ ಕೇಳಿ, ಗಂಡು ಹೆಣ್ಣು ಅಂತ ಕೇಳಬೇಡಿ. ಒಂದು ಕಡೆ 55% ದಾಟಿದ ದಿನ ಆ ಪಾತ್ರದ ಟಿಕೆಟ್ ನಿಲ್ಲಿಸಿ ಕಾಯುವ ಪಟ್ಟಿ ತೆರೆಯಿರಿ, ಅವರು ಜೋಡಿಯಾಗಿ ಬಂದರೆ ಮಾತ್ರ ತಕ್ಷಣ ಕೊಡಿ. ವರ್ಕ್‌ಶಾಪ್‌ನಲ್ಲಿ ಎರಡು ಮೂರು ನಿಮಿಷಕ್ಕೊಮ್ಮೆ ಜೊತೆಗಾರರನ್ನು ಬದಲಿಸಬೇಕು. ಹೆಚ್ಚಾದವರು ಸಾಲಿನಲ್ಲಿ ಒಂದು ಸುತ್ತು ಕಾಯುತ್ತಾರೆ, ಎರಡು ಸುತ್ತು ಕಾಯುವಂತಾದರೆ ಬೇಸರಪಟ್ಟು ಹೊರಗೆ ಹೋಗುತ್ತಾರೆ.

ಇದಕ್ಕಿಂತಲೂ ಮುಖ್ಯವಾದದ್ದು ಸುರಕ್ಷತೆ. ಒಲ್ಲೆ ಅಂದವರನ್ನು ಕಾರಣ ಕೇಳಬಾರದು, ನೆಲದ ಮೇಲೆ ಪಾಠ ಮಾಡಬಾರದು, ಎತ್ತುವ ಭಂಗಿ ಬೇಡ, ಅಪರಿಚಿತರಿಗೆ ಹಿಂದಕ್ಕೆ ಬಾಗಿಸುವ ಡಿಪ್ ಬೇಡ. ಸೆನ್ಸುಯಲ್ ಬಚಾಟಾದ ತಲೆ ತಿರುಗಿಸುವ ಚಲನೆಯನ್ನು ಎದೆಯಿಂದ ಶುರುಮಾಡಲು ಕಲಿಯದವರ ಮೇಲೆ ಪ್ರಯೋಗಿಸಿದರೆ ಕುತ್ತಿಗೆ ಉಳುಕುತ್ತದೆ. ಈ ನಿಯಮಗಳನ್ನು ಟಿಕೆಟ್ ಜೊತೆ ಕಳಿಸಿ, ಬಾಗಿಲಲ್ಲೂ ಅಂಟಿಸಿ. ದೂರು ಕೇಳಲು ಇಬ್ಬರನ್ನು ನೇಮಿಸಿ, ಅವರಲ್ಲಿ ಒಬ್ಬರಾದರೂ ಹೆಣ್ಣುಮಗಳು ಇರಲಿ. ಅವರ ಕೈಗೆ ಎದ್ದು ಕಾಣುವ ಬಣ್ಣದ ಪಟ್ಟಿ ಕಟ್ಟಿಸಿ. ಯಾರ ಮೇಲೆ ದೂರು ಬಂದಿದೆಯೋ ಅವರು ಎಷ್ಟೇ ಒಳ್ಳೆಯ ಡ್ಯಾನ್ಸರ್ ಆಗಿರಲಿ, ಕಲಾವಿದರೇ ಆಗಿರಲಿ, ಹೊರಗೆ ಕಳಿಸುವ ಅಧಿಕಾರ ಆ ಇಬ್ಬರಿಗೆ ಇರಬೇಕು.

ರೈನ್_ತೀರದಿಂದ ಉತ್ತರ:

ಹೊರದೇಶದ ಪ್ರವಾಸದ ಬಗ್ಗೆ ಯಾರೂ ಹೇಳಿಲ್ಲ, ನಾನು ಜರ್ಮನಿಯಲ್ಲಿದ್ದೇನೆ, ಸ್ವಲ್ಪ ಸೇರಿಸುತ್ತೇನೆ. ಹನ್ನೆರಡು ಜನರ ಗುಂಪಿಗೆ ಎರಡು ದಾರಿ ಇದೆ. ದಿನವಿಡೀ ವರ್ಕ್‌ಶಾಪ್, ರಾತ್ರಿ ಪ್ರದರ್ಶನ, ಬೆಳಗಿನ ಜಾವದವರೆಗೆ ಸೋಷಿಯಲ್ ಬೇಕು ಅಂದರೆ ಬರ್ಲಿನ್ ಸಾಲ್ಸಾ ಕಾಂಗ್ರೆಸ್‌ನಂಥದ್ದು. ಅದು ಅಕ್ಟೋಬರ್ ಮೊದಲ ವಾರದ ಆಸುಪಾಸಿನಲ್ಲಿ ನಡೆಯುತ್ತಾ ಬಂದಿದೆ, ಅಕ್ಟೋಬರ್ 3 ಇಲ್ಲಿ ರಾಷ್ಟ್ರೀಯ ರಜೆ, ಆದ್ದರಿಂದ ಹೋಟೆಲ್ ಬೇಗ ತುಂಬುತ್ತದೆ. ಸಮುದ್ರ, ಬಿಸಿಲು ಬೇಕು ಅಂದರೆ ಜೂನ್‌ನಲ್ಲಿ ಕ್ರೊಯೇಷಿಯಾದ ರೊವಿನ್ ಊರಿನ ಬೇಸಿಗೆ ಸಾಲ್ಸಾ ಫೆಸ್ಟಿವಲ್. ಕ್ರೊಯೇಷಿಯಾ 2023ರಿಂದ ಶೆಂಗೆನ್ (ಯುರೋಪಿನ ಹಲವು ದೇಶಗಳ ಜಂಟಿ ವೀಸಾ ವಲಯ) ಒಳಗಿದೆ, ಒಂದೇ ವೀಸಾ ಸಾಕು.

ಶೆಂಗೆನ್ ಅರ್ಜಿಯನ್ನು ಪ್ರಯಾಣಕ್ಕೆ ಆರು ತಿಂಗಳು ಮೊದಲಿನಿಂದ ಹಾಕಬಹುದು. ಶುಲ್ಕ ವಯಸ್ಕರಿಗೆ 90 ಯೂರೊ. ಹೆಚ್ಚು ದಿನ ಎಲ್ಲಿರುತ್ತೀರೋ ಆ ದೇಶಕ್ಕೆ ಅರ್ಜಿ. ಹನ್ನೆರಡು ಜನಕ್ಕೂ ಒಂದೇ ವಾರ ಅಪಾಯಿಂಟ್‌ಮೆಂಟ್ ಸಿಗುತ್ತದೆ ಅಂತ ನಂಬಬೇಡಿ, ಐದು ತಿಂಗಳು ಮುಂಚೆಯೇ ಶುರುಮಾಡಿ. ಪಾಸ್ ಕೊಳ್ಳುವಾಗ ಹೆಸರು ಬದಲಿಸಲು ಅವಕಾಶ ಇದೆಯೇ ನೋಡಿ. ವೀಸಾ ಸಿಗದ ಒಬ್ಬರ ಪಾಸ್ ಇನ್ನೊಬ್ಬರಿಗೆ ಮಾರಲು ಆಗದಿದ್ದರೆ ಅಷ್ಟೂ ಹಣ ಹೋಯಿತು. ಫೆಸ್ಟಿವಲ್ ನಡೆಯುವ ಹೋಟೆಲಿನಲ್ಲೇ ಉಳಿಯಿರಿ, ಸ್ವಲ್ಪ ದುಬಾರಿಯಾದರೂ. ಬೆಳಗಿನ ಜಾವ ನಾಲ್ಕಕ್ಕೆ ಬೆವರಿನಲ್ಲಿ ತೊಯ್ದು ಚಳಿಯಲ್ಲಿ ಟ್ರಾಮ್ ಕಾಯುವುದು ಮೂರನೇ ದಿನದ ಕುಣಿತವನ್ನು ತಿಂದುಹಾಕುತ್ತದೆ. ರಾತ್ರಿಗೆ ಮೂರು ಅಂಗಿ, ಎರಡು ಜೊತೆ ಬೂಟು, ಸ್ಯೂಡ್ ಉಜ್ಜುವ ತಂತಿ ಬ್ರಷ್, ಕಿವಿಗೆ ಇಯರ್‌ಪ್ಲಗ್. ದಿನಕ್ಕೆ ಮೂರಕ್ಕಿಂತ ಹೆಚ್ಚು ವರ್ಕ್‌ಶಾಪ್ ಬೇಡ. ಆರಾರು ತೆಗೆದುಕೊಂಡವರು ರಾತ್ರಿ ಹನ್ನೊಂದಕ್ಕೆ ಮಲಗಿರುತ್ತಾರೆ, ನಿಜವಾದ ಕುಣಿತ ಶುರುವಾಗುವುದೇ ಆಗ.

ಕೊಲಂಬಿಯಾದ ಕಾಲಿ ನಗರದ ಆಸೆ ಇದ್ದವರಿಗೆ: ಫೆರಿಯಾ ದೆ ಕಾಲಿ ಡಿಸೆಂಬರ್ 25ರಿಂದ 30ರವರೆಗೆ, ಮೊದಲ ದಿನ ಸಾಲ್ಸೊದ್ರೊಮೊ ಮೆರವಣಿಗೆ. ಅದು ಊರ ಹಬ್ಬ, ವರ್ಕ್‌ಶಾಪ್‌ಗಳ ಕಾಂಗ್ರೆಸ್ ಅಲ್ಲ. ಕಾಲಿಯವರ ಪಾದದ ವೇಗ ಬೇರೆಯದೇ ಶೈಲಿ, ಹೋಗುವ ಮುಂಚೆ ಅಲ್ಲಿನ ಶಾಲೆಯೊಂದರಲ್ಲಿ ನಾಲ್ಕೈದು ದಿನದ ಪಾಠ ಮಾತಾಡಿಟ್ಟುಕೊಳ್ಳಿ. ಒಂದು ಮರೆಯಬಾರದ ವಿಷಯ: ಕೊಲಂಬಿಯಾದಿಂದ ಭಾರತಕ್ಕೆ ವಾಪಸ್ ಬರುವವರು ಹಳದಿ ಜ್ವರದ ಲಸಿಕೆಯ ಪ್ರಮಾಣಪತ್ರ ತೋರಿಸಬೇಕು. ಲಸಿಕೆ ಹಾಕಿಸಿಕೊಂಡ ಹತ್ತು ದಿನದ ನಂತರವೇ ಅದು ಊರ್ಜಿತ. ಇಲ್ಲದಿದ್ದರೆ ವಿಮಾನ ನಿಲ್ದಾಣದಿಂದ ನೇರ ಕ್ವಾರಂಟೈನ್, ಆರು ದಿನದವರೆಗೆ. ಮಾನ್ಯತೆ ಪಡೆದ ಕೇಂದ್ರಗಳಲ್ಲಿ ಮಾತ್ರ ಹಾಕುತ್ತಾರೆ, ನವೆಂಬರ್‌ನಲ್ಲೇ ಮುಗಿಸಿ. ಪೋರ್ಟೊ ರಿಕೊಗೆ ಹೋಗುವುದಾದರೆ ಅಮೆರಿಕದ ವೀಸಾ ಬೇಕು.

ಕೋರಮಂಗಲ_ಕಾಂಗಾ:

ಎಲ್ಲವನ್ನೂ ಪ್ರಿಂಟ್ ತೆಗೆದಿದ್ದೇವೆ. ಒಂದು ಕೊನೆಯ ಅನುಮಾನ. ಕಿಜೋಂಬಾ ನೃತ್ಯಕ್ಕೂ ಜಾಗ ಕೊಡಿ ಅಂತ ಹತ್ತು ಹದಿನೈದು ಜನ ಕೇಳುತ್ತಿದ್ದಾರೆ. ಅದೇ ನೆಲದ ಮೇಲೆ ಸೇರಿಸಬಹುದಾ?

ಕ್ಲಾವೆ_2_3:

ಗಂಟೆಗೊಂದು ಹಾಡಿನಂತೆ ಸೇರಿಸಿದರೆ ಯಾರಿಗೂ ತೃಪ್ತಿ ಇಲ್ಲ. ಕಿಜೋಂಬಾ ಅಂಗೋಲಾದ್ದು, ನಿಮಿಷಕ್ಕೆ 80ರಿಂದ 100 ಬೀಟ್, ಮೈಗೆ ಮೈ ಹತ್ತಿರ, ಕುಣಿಯುವವರಿಗೆ ಆ ಮನಸ್ಥಿತಿಗೆ ಇಳಿಯಲೇ ಮೂರು ಹಾಡು ಬೇಕು. 190ರ ಸಾಲ್ಸಾ ಮುಗಿದ ಕೂಡಲೇ ಅದು ಬಂದರೆ ಇಡೀ ನೆಲ ಖಾಲಿಯಾಗುತ್ತದೆ.

ಹೀಲ್_ಟರ್ನ್:

ನನ್ನದೂ ಅದೇ ಮಾತು. ಪಕ್ಕದಲ್ಲಿ 300 ಚದರ ಅಡಿಯ ಒಂದು ಕೋಣೆ ಇದ್ದರೆ ಸಾಕು, ಹದಿನೈದು ಜೋಡಿ ಆರಾಮಾಗಿ ಹಿಡಿಸುತ್ತದೆ. ಬಾಗಿಲಿಗೆ ದಪ್ಪ ಪರದೆ, ಒಳಗೆ ಒಂದು ಚಿಕ್ಕ ಸ್ಪೀಕರ್, ಮೊದಲೇ ಜೋಡಿಸಿಟ್ಟ ಎರಡು ಗಂಟೆಯ ಹಾಡುಗಳು. ಆ ಕೋಣೆಯನ್ನು ಒಂಬತ್ತಕ್ಕೆ ಮುಂಚೆ ತೆರೆಯಬೇಡಿ. ಮುಖ್ಯ ಹಾಲ್ ತುಂಬುವ ಮೊದಲೇ ಜನ ಎರಡು ಕಡೆ ಹಂಚಿಹೋದರೆ ಎರಡೂ ಬಿಕೋ ಅನ್ನಿಸುತ್ತವೆ. ಹಾಲ್‌ಗೆ ಫೋನ್ ಮಾಡುವಾಗ ಆ ಕೋಣೆ ಬಾಡಿಗೆಯೊಳಗೇ ಸೇರಿದೆಯೇ, ಎಸಿ ಬೇರೆ ಲೆಕ್ಕವೇ ಅಂತ ಕೇಳಿ ಬರೆಸಿಕೊಳ್ಳಿ.